ಕೌಂಟರ್ ಎರಡರ ಕಂಪ್ಯೂಟರ್

ಮೊದಲು ದೀಪ ನೋಡಬೇಕು.
ಕೇಬಲ್ಲು ಕಚ್ಚಿಕೊಂಡ ತೂತಿನ ಪಕ್ಕ
ಒಂದು ಹಸಿರು, ಒಂದು ಕಿತ್ತಳೆ, ಸಾಸಿವೆಯಷ್ಟು.
ಎರಡೂ ಇಲ್ಲ.
ಬೇರೆ ಕೇಬಲ್ ಹಾಕಿದೆ. ಇಲ್ಲ. ಮೊದಲಿನದನ್ನೇ ತಂದು
ಕೌಂಟರ್ ಒಂದಕ್ಕೆ ಚುಚ್ಚಿದರೆ ಮಿಣಮಿಣ.
ಹಾಗಾದರೆ ತಪ್ಪು ತಂತಿಯದಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬೆಳಿಗ್ಗೆ ಹತ್ತೂವರೆ.
ಜಾಲರಿಗಳ ತುಂಬ ಹಳದಿ ಗೂಡು, ಬಿಳಿ ಗೂಡು,
ಎಲೆ ತಿಂದು ಮಲಗಿದ ಹುಳಗಳ ಹಸಿ ವಾಸನೆ.
ಹರಾಜು ನಿಂತಿದೆ. ಚಿಟ್ಟೆಗೆ ಮಾತ್ರ
ನಿಲ್ಲು ಅಂತ ಯಾರೂ ಹೇಳಿಲ್ಲ.

"ಏನಂತಮ್ಮಾ ಅದಕ್ಕೆ?" ಲಾಟು ನಲವತ್ಮೂರರ ದ್ಯಾವಪ್ಪ
ಹೆಗಲ ಮೇಲಿಂದ ಇಣುಕುತ್ತಾರೆ.
"ನೆಟ್‌ವರ್ಕ್ ಕಾರ್ಡೇ ಇಲ್ಲ ಅಂತೈತೆ."
"ಎಲ್ಲೋಯ್ತು?"
"ಎಲ್ಲೂ ಹೋಗಿಲ್ಲ. ಒಳಗೇ ಐತೆ. ಅದಕ್ಕೇ ಗೊತ್ತಾಗ್ತಿಲ್ಲ."
"ಹಣೆ ಮೇಲೆ ಕನ್ನಡಕ ಇಟ್ಕಂಡು ಹುಡುಕ್ದಂಗೆ" ಅಂದು
ತಮ್ಮ ಕನ್ನಡಕ ಮುಟ್ಟಿ ನೋಡಿಕೊಂಡರು.

ಪಟ್ಟಿ ತೆರೆದೆ. ಕೀಬೋರ್ಡ್ ಇದೆ, ಮೌಸ್ ಇದೆ,
ಹೋದ ವರ್ಷ ಗುಜರಿಗೆ ಹಾಕಿದ ಪ್ರಿಂಟರ್ ಕೂಡ
ಮಸುಕಾಗಿ ಕೂತಿದೆ, ಹೆಸರು ಬಿಟ್ಟುಕೊಟ್ಟಿಲ್ಲ.
ಇದೊಂದೇ ಇಲ್ಲ.
ಬೇಕಾದ ಡ್ರೈವರನ್ನು ಇಂಟರ್ನೆಟ್ಟಿನಿಂದ ಪಡೆಯಿರಿ
ಅನ್ನುತ್ತದೆ ಪರದೆ.
ಬಾವಿಗೆ ಬಿದ್ದವನಿಗೆ, ಮೇಲೆ ಬಂದು ಹಗ್ಗ ಒಯ್ಯಪ್ಪಾ ಅಂದಹಾಗೆ.
ಪೆನ್‌ಡ್ರೈವಿನಲ್ಲಿ ತಂದಿದ್ದೆ, ಕೊಟ್ಟೆ.
ಯಾವ ಸಾಧನಕ್ಕೆ, ಅಂತ ನನ್ನನ್ನೇ ಕೇಳಿತು.

ಬಯಾಸ್ ಹೊಕ್ಕೆ. ಅಲ್ಲಿ ತಾರೀಖು
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಸೆಲ್ಲು ಒಣಗಿದೆ, ಪಾಪ, ಹೊಸ ವರ್ಷದಲ್ಲೇ ಇದೆ ಇನ್ನೂ.
ನೆಟ್‌ವರ್ಕ್ ಚಾಲೂ ಅಂತಲೇ ಬರೆದಿದೆ.
ಆಮೇಲೆ ಉಳಿದದ್ದು ಒಂದು:
ಪ್ಲಗ್ ಕಿತ್ತು, ಪವರ್ ಗುಂಡಿ ಒತ್ತಿ ಹಿಡಿದು
ಮೂವತ್ತು ಎಣಿಸುವುದು. ಒಳಗೆ ತಂಗಿದ ಕರೆಂಟು
ಎಲ್ಲ ಉಗುಳಲಿ ಅಂತ.

ಹನ್ನೊಂದು, ಹನ್ನೆರಡು.
ನಲವತ್ತು ವರ್ಷ ಕುದಿನೀರಿನ ಬಾಣಲೆಯಲ್ಲಿ ಕೈಯಾಡಿಸಿ
ಎಳೆಯ ತುದಿ ಹುಡುಕಿದವರು ನಮ್ಮಬ್ಬ.
ಈಗ ಪಡಿತರದಂಗಡಿಯ ಗಾಜಿಗೆ ಹೆಬ್ಬೆಟ್ಟು ಒತ್ತಿದರೆ
ಕೆಂಪು. ಒರೆಸಿ ಇನ್ನೊಮ್ಮೆ. ಕೆಂಪು.
"ಬೇರೆ ಬೆರಳು ಕೊಡಿ ಸಾಬ್ರೇ."
ಹತ್ತೂ ಕೊಟ್ಟರು. ಆಮೇಲೆ ಹತ್ತನ್ನೂ ಜೇಬಿಗಿಟ್ಟುಕೊಂಡು
ಖಾಲಿ ಚೀಲವನ್ನು ಕಂಕುಳಲ್ಲಿ ಮಡಚಿ
ನನಗೇನೂ ಹೇಳದೆ ಬಂದು ಚಹಾ ಕೇಳಿದರು.
ಇಪ್ಪತ್ತೊಂಬತ್ತು. ಮೂವತ್ತು.

ಇಲ್ಲ.

"ಮೊನ್ನೆ ಸಿಡಿಲು ಹೊಡೆದಾಗ ಪ್ಲಗ್ ಕಿತ್ತಿದ್ದೆ ಕಣೇ" ಅಂದರು
ಗುಮಾಸ್ತೆ ಗಂಗರತ್ನಮ್ಮ, "ಈ ನೀಲಿ ದಾರ ಕೀಳ್ಲಿಲ್ಲ."
ಡಬ್ಬಿ ಬಿಚ್ಚಿದೆ. ಉಗುರಗಲದ ಚಿಪ್ಪು,
ಅದರ ಬೆನ್ನಿನ ಮೇಲೆ ಎಳ್ಳಿನಷ್ಟು ಕರಕಲು.
ಆಕಾಶ ಅಷ್ಟು ಸಣ್ಣ ಜಾಗ ಹುಡುಕಿಕೊಂಡು ಬಂದಿತ್ತು.

ಅಷ್ಟರಲ್ಲಿ ಹಿಂದೆ ಯಾರೋ ಕೂಗಿದರು: "ನಾನೂರ ಎಂಬತ್ತು!"
ಇನಾಯತ್ ಮಾಮು. ಬಾಯಿ ತುಂಬ ಎಲೆ.
"ತೊಂಬತ್ತು!" "ಐನೂರು, ನೋಡೋ, ಐನೂರು!"
ಫೋನು ಜೇಬಿಗೆ ಹೋಯಿತು, ಕೈಗಳು ಮೇಲೆ ಬಂದವು,
ದ್ಯಾವಪ್ಪ ಗೂಡು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಗಲಗಲ ಆಡಿಸಿ
"ಇದಕ್ಕಾ ಐನೂರು?" ಅಂತ ಬೈದರು, ಸುಖವಾಗಿ.
"ಲೆಕ್ಕಕ್ಕೆ ಬರಲ್ಲ ರೀ ಇದೆಲ್ಲ" ಅಂದರು ಗಂಗರತ್ನಮ್ಮ.
ಗೊತ್ತಿತ್ತು ಎಲ್ಲರಿಗೂ. ಕೂಗಿದರು.

ನನ್ನ ಚೀಲದಲ್ಲಿ ಮುಚ್ಚಿಹೋದ ಸೈಬರಿನ ಹಳೆಯ ಕಾರ್ಡು.
ರಬ್ಬರಿನಿಂದ ಕಾಲು ಉಜ್ಜಿ, ಸೀಳಿನಲ್ಲಿ ಕೂರಿಸಿದೆ.
ಹೊಸ ಸಾಧನ ಕಂಡಿದೆ, ಅಂದಿತು ಪರದೆ.
ಹಳೆಯದರ ಸುದ್ದಿಯೇ ಎತ್ತಲಿಲ್ಲ.
ಹಸಿರು. ಕಿತ್ತಳೆ.
ಒಬ್ಬೊಬ್ಬರೇ ಬಾಯಿ ಮುಚ್ಚಿ ಫೋನು ತೆಗೆದರು.
ಲಾಟು ನಲವತ್ಮೂರು: ಐನೂರ ಹನ್ನೆರಡು.

ಸುಟ್ಟ ತೂತಿಗೆ ಬಿಳಿ ಟೇಪು ಅಂಟಿಸಿದೆ,
ಮತ್ಯಾರೂ ಅಲ್ಲಿ ಚುಚ್ಚದಿರಲಿ ಅಂತ.
ಕಾರ್ಡಿಗೆ ನೂರೈವತ್ತು, ಕೂಲಿ ಮುನ್ನೂರು.
ವೋಚರ್ ಮುಂದೆ ತಳ್ಳಿ ಗಂಗರತ್ನಮ್ಮ ಅಂದರು:
"ಸಹಿ ಸಾಕು. ಹೆಬ್ಬೆಟ್ಟು ಬೇಡ."